ಹಿಟ್ಟಿಗೆ ಬಿದ್ದ ನೀಲಿ

ಪುಟ್ಟ ವಿಮಾನಗಳು ಏರಿ ಇಳಿಯುವ ಹುಲ್ಲು ಮೈದಾನದ ಪಕ್ಕದಲ್ಲಿ ಬದುಕುವವರಿಗೆ ವಿಮಾನದ ಸದ್ದು ಕಿವಿಗೇ ಬೀಳುವುದಿಲ್ಲ. ಅದು ನಿಂತರೆ ಮಾತ್ರ ಎದೆ ಧಸಕ್ಕೆನ್ನುತ್ತದೆ. ಆ ಶನಿವಾರ ಬೆಳಿಗ್ಗೆ ಆರ್ವಿಡ್‌ನ ಹಳದಿ ವಿಮಾನ ನೆಲ ಬಿಟ್ಟು ಮರಗಳ ನೆತ್ತಿಯವರೆಗೆ ಏರಿತ್ತು. ಎಂಜಿನ್ ಎರಡು ಸಲ ಕೆಮ್ಮಿತು, ಆಮೇಲೆ ಸುಮ್ಮನಾಯಿತು. ವಿಮಾನ ಮೂತಿ ಬಗ್ಗಿಸಿ ಮೈದಾನದಾಚೆಯ ಜೋಳದ ಹೊಲಕ್ಕೆ ಬಿತ್ತು.

ನಾವು ಓಡಿಹೋದಾಗ ಆರ್ವಿಡ್‌ಗೆ ಉಸಿರಿತ್ತು, ಎಚ್ಚರವಿರಲಿಲ್ಲ. ಆಂಬುಲೆನ್ಸ್ ಅವನನ್ನು ಆಸ್ಪತ್ರೆಗೆ ಒಯ್ದಿತು. ಅವನು ಈ ಮೈದಾನದ ಯಜಮಾನ, ನಮ್ಮ ಮಿನಿಸೋಟಾ ಸೀಮೆಯ ಎಷ್ಟೋ ಜನಕ್ಕೆ ಹಾರುವುದನ್ನು ಕಲಿಸಿದ ಗುರು. ಪ್ರತಿ ಬೇಸಿಗೆಯಲ್ಲೂ ಸುತ್ತಲಿನ ಪೈಲಟ್‌ಗಳು ತಮ್ಮ ಪುಟ್ಟ ವಿಮಾನಗಳಲ್ಲಿ ಬಂದಿಳಿದು, ರೆಕ್ಕೆಯ ಕೆಳಗೇ ಗುಡಾರ ಹಾಕಿ, ವಾರಾಂತ್ಯ ಕಳೆದು ಹೋಗುತ್ತಿದ್ದರು. ಅವರಿಗೆಲ್ಲ ಅಡುಗೆ ಮಾಡುತ್ತಿದ್ದವನು ನಾನು, ಎಲ್ಮರ್. ನನಗೆ ಹಾರಲು ಬರುವುದಿಲ್ಲ. ಏಣಿ ಹತ್ತಿದರೇ ತಲೆ ತಿರುಗುತ್ತದೆ.

ಮಧ್ಯಾಹ್ನದ ಹೊತ್ತಿಗೆ ಅಡುಗೆಮನೆಯ ಹಿಂಬಾಗಿಲಲ್ಲಿ ರೂಬೆನ್ ಬಂದು ನಿಂತ. ನನ್ನ ತಂಗಿಯ ಮಗ, ಮೈದಾನದ ಮೆಕ್ಯಾನಿಕ್. ಮುಖ ಬಿಳಿಚಿಕೊಂಡಿತ್ತು.

"ಮಾವಾ, ಶೆರಿಫ್ ನನ್ನನ್ನ ಕರಕೊಂಡು ಹೋಗ್ತಾರಂತೆ. ಎಂಜಿನ್‌ಗೆ ನಾನೇ ಏನೋ ಮಾಡಿದೀನಿ ಅಂತ ಎಲ್ಲರೂ ಅಂತಿದಾರೆ. ಮಾಕ್ಸೀನಕ್ಕ ಅಂತೂ, ತನ್ನ ವಿಮಾನದ ಹತ್ರ ಸುಳೀಬೇಡ ಅಂದುಬಿಟ್ರು."

"ಮಾಡಿದೀಯಾ?" ಮೂಲೆಯ ಬೆಂಚಿನಿಂದ ಹಿಲ್ಡಾ ಕೇಳಿದಳು.

"ಇಲ್ಲ."

"ಹಾಗಾದ್ರೆ ಕೂತ್ಕೊ. ಮಾವನ ಕೈಲಿ ಕಾಫಿ ಇಸ್ಕೊ."

ಬಿದ್ದ ವಿಮಾನ ಯಾಕೆ ಬಿತ್ತು ಎಂದು ಹುಡುಕುವುದೇ ಹಿಲ್ಡಾ ಬ್ರೆಕಿಯ ಜೀವಮಾನದ ಕೆಲಸವಾಗಿತ್ತು. ನಿವೃತ್ತಿಯಾದ ಮೇಲೆ ಮೈದಾನದ ತುದಿಯಲ್ಲಿ ಮನೆ ಮಾಡಿಕೊಂಡಿದ್ದಳು. ಊರಿನಲ್ಲಿ ಬಿಡಿಸಲಾಗದ ಗಂಟು ಏನೇ ಇರಲಿ, ಅವಳ ಮನೆ ಬಾಗಿಲಿಗೆ ಬರುತ್ತಿತ್ತು. ಅವಳ ಜೊತೆ ಓಡಾಡುತ್ತಿದ್ದವನು ನಾನು. ತಲೆ ಅವಳದು, ಕಾಲು ನನ್ನದು ಎಂದು ಜನ ನಗುತ್ತಿದ್ದರು. ನಗಲಿ ಬಿಡಿ.

ನಮ್ಮ ಸೀಮೆಯ ಪೊಲೀಸರ ಮುಖ್ಯಸ್ಥ, ಶೆರಿಫ್ ಡ್ವೈಟ್, ಅವನ ಹಿಂದೆಯೇ ಬಂದ. ಒಳ್ಳೆಯ ಮನುಷ್ಯ, ಆದರೆ ಹಿಡಿದದ್ದನ್ನು ಬಿಡುವವನಲ್ಲ.

"ಹಿಲ್ಡಮ್ಮಾ, ಮುರಿದ ಪೈಪಿನಲ್ಲಿ ನೀರಿನ ಹನಿ ಇದೆ ಅಂತ ತೋರಿಸಿದ್ದು ನೀವೇ. ಪೆಟ್ರೋಲಿನ ಜಾಗದಲ್ಲಿ ನೀರು ಹೋಗಿ ಎಂಜಿನ್ ನಿಂತಿತು ಅಂತ ಹೇಳಿದ್ದೂ ನೀವೇ."

"ಹೌದು, ಹೇಳಿದೆ."

"ಆರ್ವಿಡ್ ಹಾರೋಕೆ ಮುಂಚೆ ಪೆಟ್ರೋಲ್ ನೋಡಿದ್ದನ್ನ ಮೈದಾನಕ್ಕೆ ಮೈದಾನವೇ ಕಂಡಿದೆ. ಅದರಲ್ಲಿ ನೀರಿರಲಿಲ್ಲ."

ಅದೂ ನಿಜವೇ. ನೀರು ಪೆಟ್ರೋಲಿಗಿಂತ ಭಾರ, ಟ್ಯಾಂಕಿನ ತಳಕ್ಕೆ ಇಳಿಯುತ್ತದೆ. ಹಾಗಾಗಿ ದಿನದ ಮೊದಲ ಹಾರಾಟಕ್ಕೆ ಮುಂಚೆ ಪ್ರತಿಯೊಬ್ಬ ಪೈಲಟ್ಟೂ ತಳದ ನಲ್ಲಿಯಿಂದ ಒಂದು ಲೋಟ ಹಿಡಿದು, ಬೆಳಕಿಗೆತ್ತಿ ನೋಡುತ್ತಾನೆ. ವಿಮಾನದ ಪೆಟ್ರೋಲಿಗೆ ತಿಳಿನೀಲಿ ಬಣ್ಣ ಬೆರೆಸಿರುತ್ತಾರೆ. ನೀರು ಸೇರಿದ್ದರೆ ಮೇಲೆ ನೀಲಿ, ಕೆಳಗೆ ಬಿಳಿ, ನಡುವೆ ಗೆರೆ. ಆರ್ವಿಡ್ ಎತ್ತಿ ಹಿಡಿದ ಲೋಟ ತಳದವರೆಗೂ ನೀಲಿಯಾಗಿದ್ದುದನ್ನು ನಾನೇ ಕಂಡಿದ್ದೆ.

"ಅಂದ್ಮೇಲೆ, ನಲ್ಲಿಗೆ ಸಿಗದ ಹಾಗೆ ಎಂಜಿನ್ ಒಳಗೆ ಎಲ್ಲೋ ನೀರು ಬಚ್ಚಿಟ್ಟಿದಾರೆ. ಅದು ಎಂಜಿನ್ ಬಲ್ಲವನ ಕೈಚಳಕ. ಈ ವಾರ ಅದನ್ನ ಬಿಚ್ಚಿ ಜೋಡಿಸಿದ್ದು ರೂಬೆನ್. ಕೆಲಸ ತಡ ಮಾಡಿದೆ ಅಂತ ಆರ್ವಿಡ್ ಎಲ್ಲರೆದುರಿಗೆ ಬೈದಿದ್ದ. ಇವತ್ತು ಆರ್ವಿಡ್ ಜೊತೆ ಹಾರಬೇಕಿದ್ದೋನು, ಕೊನೇ ಗಳಿಗೇಲಿ ಇಳಿದುಬಿಟ್ಟ."

"ಸ್ಟೌವ್‌ನ ಗ್ಯಾಸು ಸೋರ್ತಿತ್ತು, ಕೂಗಿ ಕರೆದಿದ್ದು ನಾನು!" ಎಂದೆ.

"ನೀನು ಅವನ ಮಾವ ಅಲ್ಲವೇನಯ್ಯ, ಎಲ್ಮರ್," ಎಂದ ಡ್ವೈಟ್, ಮೆಲ್ಲಗೆ. ನನ್ನ ಮಾತಿಗೆ ಬೆಲೆಯಿಲ್ಲ ಎಂದು ಅದರರ್ಥ. ನನಗೆ ಮೈಯೆಲ್ಲ ಉರಿಯಿತು.

ಹಿಲ್ಡಾ ತನ್ನ ಕಾಫಿ ಲೋಟವನ್ನು ತೋರಿಸಿದಳು. ಕಾಫಿ ಪೂರ್ತಿ ಆರಿದ ಮೇಲೆಯೇ ಅವಳು ಕುಡಿಯುತ್ತಿದ್ದದ್ದು. "ಡ್ವೈಟ್, ಇದು ಆರೋವರೆಗೆ ಟೈಮ್ ಕೊಡು. ಆಮೇಲೆ ಎಲ್ಲರನ್ನೂ ಶೆಡ್ಡಿಗೆ ಕರೆ." ಅವನು ಗೊಣಗಿಕೊಂಡು ಹೊರಗೆ ಹೋದ.

"ಈಗ ಹೇಳು, ಎಲ್ಮರ್. ನಿನ್ನೆ ಸಂಜೆಯಿಂದ ಕಂಡದ್ದೆಲ್ಲ. ನಿನ್ನ ಸಿಟ್ಟು, ಸೆಡವು ಸಮೇತ."

ಹೇಳಿದೆ. ಶುಕ್ರವಾರ ಸಂಜೆ ಎಲ್ಲರೂ ಪೂರ್ವಕ್ಕೆ ಮುಖ ಮಾಡಿ ಬಂದಿಳಿದರು. ಲೊವೆಲ್ ಮಾತ್ರ ತಲೆಯ ಮೇಲೆ ಮುಚ್ಚಿಗೆಯಿಲ್ಲದ ತನ್ನ ವಿಮಾನವನ್ನು ದಾರಿ ತಪ್ಪಿಸಿ ಬೇಲಿಗೆ ತಾಗಿಸಿದ. ಅವನು ಆರ್ವಿಡ್‌ನ ಮೊದಲ ಶಿಷ್ಯ, ಜಂಬದ ಕೋಳಿ. "ಸೂರ್ಯ ಕಣ್ಣಿಗೆ ಹೊಡೆದ" ಎಂದು ನಕ್ಕ. ಆಮೇಲೆ ಆರ್ವಿಡ್ ಅವನನ್ನು ಪಕ್ಕಕ್ಕೆ ಕರೆದೊಯ್ದ. "ಸೋಮವಾರದೊಳಗೆ ನೀನೇ ಹೇಳು, ಇಲ್ದಿದ್ರೆ ನಾನು ಹೇಳ್ತೀನಿ" ಎಂದದ್ದು ನನ್ನ ಕಿವಿಗೆ ಬಿತ್ತು. ಬೇಲಿಯ ವಿಷಯ ಇರಬೇಕು ಅಂದುಕೊಂಡೆ. ರಾತ್ರಿ ಊಟಕ್ಕೆ ಹಂದಿಮಾಂಸದ ತುಂಡು ಹುರಿಯುತ್ತಿದ್ದಾಗ ಅದು ಕರಕಲಾಗಿ ಸೀದ ವಾಸನೆ ಎದ್ದಿತು. ಪಕ್ಕದಲ್ಲೇ ನಿಂತಿದ್ದ ಆರ್ವಿಡ್‌ಗೆ ಗೊತ್ತೇ ಆಗಲಿಲ್ಲ. ಚಳಿಗಾಲದ ಜ್ವರದಲ್ಲಿ ಅವನ ಮೂಗು ಸತ್ತುಹೋಗಿತ್ತು. ಲೊವೆಲ್, ಮಾಕ್ಸೀನ್, ರೂಬೆನ್ ಎಲ್ಲರೂ ಅವನನ್ನು ಗೇಲಿ ಮಾಡಿದ್ದರು.

"ಬೆಳಿಗ್ಗೆ?"

"ಬೆಳಿಗ್ಗೆ ಎದ್ದಿದ್ದೇ ಎಡಮಗ್ಗುಲಲ್ಲಿ. ಮೈದಾನದ ಹುಟ್ಟುಹಬ್ಬದ ಕೇಕಿಗೆ ಆಕಾಶದ ಬಣ್ಣ ಕೊಡೋಣ ಅಂತ ನೀಲಿ ಬಣ್ಣದ ಬಾಟಲಿ ತಂದಿಟ್ಟಿದ್ದೆ. ನೋಡಿದ್ರೆ ಮಾಯ! ಬೋಳು ಬಿಳಿ ಕೇಕು ಮಾಡಿದೆ."

ಹಿಲ್ಡಾ ತಲೆಯೆತ್ತಿದಳು. "ಮುಂದೆ."

ಮುಂದಿನದು ಹಿಟ್ಟಿನ ಬಾಂಬಿನ ಪಂದ್ಯ. ಮೈದಾ ತುಂಬಿದ ಕಾಗದದ ಪೊಟ್ಟಣಗಳನ್ನು ಮೇಲಿನಿಂದ ಎಸೆದು ನೆಲದ ಮೇಲಿನ ಗುರಿಗೆ ಹೊಡೆಯಬೇಕು. ಪ್ರತಿ ವರ್ಷ ಆರ್ವಿಡ್ ಹಾರಿಸುತ್ತಿದ್ದ, ಲೊವೆಲ್ ಎಸೆಯುತ್ತಿದ್ದ. ಈ ಸಲ ಲೊವೆಲ್ ಹೊಟ್ಟೆ ಹಿಡಿದುಕೊಂಡು, "ಎಲ್ಮರ್‌ನ ಪ್ಯಾನ್‌ಕೇಕ್ ತಿಂದು ಹೊಟ್ಟೆ ಕೆಟ್ಟಿದೆ" ಎಂದ. ಅವನ ಬದಲು ಆರ್ವಿಡ್ ರೂಬೆನ್‌ನನ್ನು ಕರೆದ. ನಾನು ಆರ್ವಿಡ್‌ನ ವಿಮಾನದ ರೆಕ್ಕೆಯ ಕೆಳಗೇ ಕೂತು ಪೊಟ್ಟಣ ಕಟ್ಟುತ್ತಿದ್ದೆ. ಆರ್ವಿಡ್ ಲೋಟ ನೋಡಿ, ಯಾವತ್ತಿನಂತೆ ಹೆಗಲ ಮೇಲಿಂದ ಹಿಂದಕ್ಕೆ ಚೆಲ್ಲಿದ. ಅರ್ಧ ಹುಲ್ಲಿಗೆ, ಅರ್ಧ ನನ್ನ ಹಿಟ್ಟಿನ ಬುಟ್ಟಿಗೆ. ಸರಿಯಾಗಿ ಬೈದು, ಬುಟ್ಟಿಗೆ ಬಟ್ಟೆ ಮುಚ್ಚಿ ಅಡುಗೆಮನೆಗೆ ಎದ್ದು ಬಂದೆ. ಸ್ಟೌವ್ ಸೋರುತ್ತಿತ್ತು, ರೂಬೆನ್‌ನನ್ನು ಕೂಗಿದೆ. "ಹೋಗಯ್ಯ, ಒಂದು ಸುತ್ತು ನಾನೊಬ್ಬನೇ ಹಾಕ್ಕೊಂಡು ಬರ್ತೀನಿ" ಎಂದು ಆರ್ವಿಡ್ ಹೊರಟ.

"ಇನ್ನೊಂದು ಮಾತು," ಎಂದೆ. "ನನ್ನ ಪ್ಯಾನ್‌ಕೇಕಿಂದ ಹೊಟ್ಟೆ ಕೆಟ್ಟೋನು, ಈಗ ಯಾರಿಗೂ ತುತ್ತು ಇಳಿಯದ ಹೊತ್ತಲ್ಲಿ, ಎರಡು ಸ್ಯಾಂಡ್‌ವಿಚ್ ತಿಂದ. ಅದೂ ಚರ್ಮದ ಗ್ಲೌಸು ಹಾಕ್ಕೊಂಡೇ! ಈ ಸೆಕೆಗೆ! ಬೆಳಿಗ್ಗೆ ಪ್ಯಾನ್‌ಕೇಕ್ ತಿಂದದ್ದೂ ಹಾಗೇ. ದೊಡ್ಡ ಪೈಲಟ್ ಸಾಹೇಬ."

ಹಿಲ್ಡಾ ಎದ್ದು ನಿಂತಳು. "ಆ ಬುಟ್ಟಿ ಎಲ್ಲಿ?"

ಬುಟ್ಟಿ ಹುಲ್ಲಿನ ಮೇಲೆ ಇಟ್ಟಲ್ಲೇ ಇತ್ತು. ಬಟ್ಟೆ ಸರಿಸಿದೆ. ಬಿಳಿ ಹಿಟ್ಟಿನ ಮೇಲೆ ಗೋಲಿಗಳ ಹಾಗೆ ನೀಲಿ ಉಂಡೆಗಳು ಕೂತಿದ್ದವು. ಹಿಲ್ಡಾ ಒಂದನ್ನು ಎತ್ತಿ ಮೂಸಿದಳು, ನನ್ನ ಮೂಗಿಗೂ ಹಿಡಿದಳು.

"ಏನು ವಾಸನೆ?"

"ಹಿಟ್ಟಿಂದು. ಇನ್ನೇನಿರುತ್ತೆ?"

"ಅದೇ," ಎಂದು ಅದನ್ನು ಕರ್ಚೀಫಿನಲ್ಲಿ ಕಟ್ಟಿಕೊಂಡಳು. ಅಡುಗೆಮನೆಗೆ ವಾಪಸ್ಸು ಬಂದು ಆರಿದ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದಳು.

ಶೆಡ್ಡಿನ ಗೋಡೆಯ ತುಂಬ ಹಳೆಯ ಶರ್ಟುಗಳ ಹಿಂಭಾಗದ ತುಂಡುಗಳು ತೂಗುತ್ತಿದ್ದವು. ಮೊದಲ ಸಲ ಒಂಟಿಯಾಗಿ ಹಾರಿ ಬಂದವನ ಶರ್ಟನ್ನು ಗುರು ಕತ್ತರಿಸಿ, ಹೆಸರು ಬರೆದು ಅಲ್ಲಿ ತೂಗುಹಾಕುವುದು ವಾಡಿಕೆ. ಎಲ್ಲಕ್ಕಿಂತ ಹಳೆಯದು, ಬಣ್ಣ ಹೋದದ್ದು, ಲೊವೆಲ್‌ನದು. ಅದರ ಕೆಳಗೇ ಅವನು ಕೂತಿದ್ದ. ಮಾಕ್ಸೀನ್ ಕೈಕಟ್ಟಿ ನಿಂತಿದ್ದಳು. ರೂಬೆನ್ ಬಾಗಿಲ ಬಳಿ ಡ್ವೈಟ್‌ನ ಪಕ್ಕದಲ್ಲಿದ್ದ. ಅವನ ಇನ್ನೊಂದು ಪಕ್ಕದ ಎರಡು ಕುರ್ಚಿ ಖಾಲಿ ಬಿಟ್ಟಿದ್ದರು ನಮ್ಮ ಜನ. ಅದನ್ನು ನಾನು ಮರೆಯುವುದಿಲ್ಲ.

ಹಿಲ್ಡಾ ಮೇಜಿನ ಮೇಲೆ ಎರಡು ತಟ್ಟೆ ಹಿಟ್ಟು ಇಟ್ಟಳು. ಒಂದಕ್ಕೆ ಪೆಟ್ರೋಲ್ ಸುರಿದಳು, ಇನ್ನೊಂದಕ್ಕೆ ನೀರು. ಬಾಗಿಲು, ಕಿಟಕಿ ಎಲ್ಲ ತೆರೆಸಿ, ಯಾರೂ ಸಿಗರೇಟು ಮುಟ್ಟಕೂಡದೆಂದು ಗದರಿಸಿದಳು.

"ಎಲ್ಮರ್, ನೀನು ಅಡುಗೆಯವನು. ಹಿಟ್ಟು ಉಂಡೆ ಆಗೋಕೆ ಏನು ಬೇಕು?"

"ನೀರು ಬೇಕು. ಪೆಟ್ರೋಲಿಗೆ ಹಿಟ್ಟು ಎಲ್ಲಿ ನಾದಿಕೊಳ್ಳುತ್ತೆ?"

ನಾವು ನೋಡುತ್ತಿದ್ದಂತೆಯೇ ಪೆಟ್ರೋಲ್ ಬಿದ್ದ ಹಿಟ್ಟು ಆರುತ್ತ ಬಂತು. ಅವಳು ಬೆರಳಾಡಿಸಿದಾಗ ಪುಡಿಪುಡಿಯಾಗಿ ಉದುರಿತು. ನೀರು ಬಿದ್ದದ್ದು ಮುದ್ದೆಯಾಗಿತ್ತು. ಅದರ ಪಕ್ಕದಲ್ಲಿ ಕರ್ಚೀಫು ಬಿಚ್ಚಿ ನೀಲಿ ಉಂಡೆಯನ್ನಿಟ್ಟಳು.

"ಆರ್ವಿಡ್ ಬೆಳಿಗ್ಗೆ ಬುಟ್ಟಿಗೆ ಚೆಲ್ಲಿದ್ದು ಇದು. ಅವನ ಲೋಟದಲ್ಲಿದ್ದದ್ದು ಪೆಟ್ರೋಲ್ ಅಲ್ಲ. ಬರೀ ನೀರು, ಕೇಕಿನ ಬಣ್ಣ ಕಲಸಿದ ನೀರು."

ಗುಜುಗುಜು ಎದ್ದಿತು. ಮಾಕ್ಸೀನ್ ಕೈ ಬಾಯಿಗೆ ಹೋಯಿತು. "ಅಯ್ಯೋ! ಲೋಟದ ತುಂಬ ನೀರೇ ಇದ್ರೆ ಗೆರೆ ಎಲ್ಲಿಂದ ಕಾಣಬೇಕು!"

"ಅಷ್ಟೇ ಕಣಮ್ಮ. ನಾವೆಲ್ಲ ಗೆರೆ ಹುಡುಕ್ತೀವಿ, ಬಣ್ಣ ನೋಡ್ತೀವಿ, ಚೆಲ್ತೀವಿ. ಪೈಪಿನಲ್ಲಿ ಉಳಿದಿದ್ದ ಒಳ್ಳೇ ಪೆಟ್ರೋಲ್ ಅವನನ್ನ ಮರದ ನೆತ್ತಿಯವರೆಗೆ ಏರಿಸ್ತು. ಆಮೇಲೆ ನೀರು ಬಂತು. ಬೇರೆ ಯಾರೇ ಆಗಿದ್ರೂ ಪೆಟ್ರೋಲಿನ ವಾಸನೆ ಇಲ್ಲ ಅಂತ ಗೊತ್ತಾಗಿಬಿಡ್ತಿತ್ತು. ಆರ್ವಿಡ್‌ಗೆ ಮೂಗಿಲ್ಲ. ಅದು ಗೊತ್ತಿದ್ದೋನ ಕೆಲಸ ಇದು."

"ರೂಬೆನ್‌ಗೂ ಗೊತ್ತಿತ್ತಲ್ಲ?" ಎಂದ ಡ್ವೈಟ್.

"ಗೊತ್ತಿತ್ತು. ಆದರೆ ಎಂಜಿನ್ ಬಿಚ್ಚಬಲ್ಲೋನಿಗೆ ಕೇಕಿನ ಬಣ್ಣದ ಹಂಗು ಯಾಕೆ? ಟ್ಯಾಂಕಿನ ಮುಚ್ಚಳ ತೆಗೆದು ಸುರಿಯೋದು ಬಿಟ್ಟು ಬೇರೇನೂ ಬಾರದೋನು ಮಾಡಿದ್ದು ಇದು. ಅವನಿಗೆ ಇವತ್ತು ಆ ವಿಮಾನ ಹತ್ತೋಕೆ ಧೈರ್ಯ ಇರಲಿಲ್ಲ. ಅದಕ್ಕೇ ಎಲ್ಮರ್‌ನ ಪ್ಯಾನ್‌ಕೇಕ್ ಮೇಲೆ ತಪ್ಪು ಹೊರಿಸಿದ."

ಎಲ್ಲರ ಕಣ್ಣೂ ಲೊವೆಲ್ ಕಡೆ ತಿರುಗಿತು. ಅವನು ನಗಲು ನೋಡಿದ. "ಹೊಟ್ಟೆನೋವೂ ಅಪರಾಧ ಆಯ್ತಾ, ಹಿಲ್ಡಾ?"

"ಇಲ್ಲ. ನಿನ್ನೆ ಸೂರ್ಯ ಕಣ್ಣಿಗೆ ಹೊಡೆದ ಅಂದೆಯಲ್ಲ, ಲೊವೆಲ್. ಸಂಜೆ, ಪೂರ್ವಕ್ಕೆ ಮುಖ ಮಾಡಿ ಇಳೀತಿದ್ದೆ. ಸೂರ್ಯ ನಿನ್ನ ಬೆನ್ನಿಗಿದ್ದ."

ಅವನ ನಗು ಅಲ್ಲಿಗೇ ನಿಂತಿತು.

"ಬೇಲಿಗೆ ಹೊಡೆಸಿದ್ದು ಸೂರ್ಯ ಅಲ್ಲ, ಹಾರ್ತಿರೋವಾಗ್ಲೇ ನಿನಗೆ ಎಚ್ಚರ ತಪ್ತಿದೆ. ಆರ್ವಿಡ್ ಅದನ್ನ ಕಂಡುಹಿಡಿದ. ಸೋಮವಾರದೊಳಗೆ ಪೈಲಟ್‌ಗಳನ್ನ ಪಾಸು ಮಾಡೋ ಡಾಕ್ಟರಿಗೆ ನೀನೇ ಹೇಳು, ಇಲ್ದಿದ್ರೆ ನಾನು ಹೇಳ್ತೀನಿ ಅಂದ. ಹೇಳಿದ್ರೆ ನಿನ್ನ ಹಾರಾಟ ಮುಗೀತು." ಹಿಲ್ಡಾಳ ದನಿ ಇಳಿದಿತ್ತು. "ಪೆಟ್ರೋಲಿನ ಬಣ್ಣ ಕೈಗೆ ಹತ್ತಿದ್ರೆ ಸೋಪಿಗೆ ಹೋಗುತ್ತೆ. ಕೇಕಿನ ಬಣ್ಣ ಉಗುರಿನ ಸಂದಿ ಬಿಡಲ್ಲ. ಗ್ಲೌಸು ತೆಗಿ."

ಅವನು ಅಲ್ಲಾಡಲಿಲ್ಲ. ಡ್ವೈಟ್ ರೂಬೆನ್‌ನ ಪಕ್ಕದಿಂದ ಎದ್ದು ಅವನ ಮುಂದೆ ಹೋಗಿ ನಿಂತ. ಆಗ ಲೊವೆಲ್ ತಾನೇ ಒಂದೊಂದೇ ಬೆರಳು ಬಿಡಿಸಿ ಗ್ಲೌಸು ಕಳಚಿದ. ಉಗುರುಗಳ ಸುತ್ತ, ಗೆಣ್ಣುಗಳ ಗೆರೆಯಲ್ಲಿ, ಕೇಕಿಗೆ ಸಿಗದೆ ಹೋದ ನನ್ನ ಆಕಾಶದ ನೀಲಿ.

"ನೆಲದ ಮೇಲೆ ನಾನೇನು ಮಾಡಲಿ, ಹಿಲ್ಡಾ?" ಎಂದ. "ಅವನೇ ನನಗೆ ಹಾರೋದು ಕಲಿಸಿದ್ದು. ಅವನೇ ಕಿತ್ಕೊಳ್ತೀನಿ ಅಂದ್ರೆ?"

"ನಿನ್ನ ಬದಲು ಈ ಹುಡುಗ ಹತ್ತುತ್ತಿದ್ನಲ್ಲೋ!" ಎಂದು ಕಿರುಚಿದೆ. "ಅವನು ಕಾಲಿಟ್ಟದ್ದನ್ನೂ ನೋಡ್ಕೊಂಡು ನಿಂತಿದ್ಯಲ್ಲೋ!"

ಡ್ವೈಟ್ ಕರೆದೊಯ್ಯುವಾಗ ಲೊವೆಲ್ ಒಮ್ಮೆ ಕತ್ತೆತ್ತಿ ಗೋಡೆಯ ಮೇಲಿನ ತನ್ನ ಶರ್ಟಿನ ತುಂಡನ್ನು ನೋಡಿದ.

ಭಾನುವಾರ ಬೆಳಿಗ್ಗೆ ಆಸ್ಪತ್ರೆಯಿಂದ ಫೋನ್ ಬಂತು. ಆರ್ವಿಡ್ ಕಣ್ಣು ಬಿಟ್ಟಿದ್ದ. ವಿಮಾನ ಏನಾಯಿತು ಎಂದು ಕೇಳಲಿಲ್ಲವಂತೆ. "ರೂಬೆನ್ ವಿಮಾನದಲ್ಲಿ ಇರಲಿಲ್ಲ ತಾನೆ?" ಎಂದನಂತೆ, ಅದೇ ಮೊದಲ ಮಾತು. ನಾನು ರಿಸೀವರ್ ಇಟ್ಟು ಒಂದಷ್ಟು ಹೊತ್ತು ಒಲೆಯ ಕಡೆ ಮುಖ ಮಾಡಿ ನಿಂತೆ. ಗಂಡಸರು ಅಳಲು ಈರುಳ್ಳಿ ಒಳ್ಳೆಯ ನೆಪ, ಆದರೆ ಅವತ್ತು ಈರುಳ್ಳಿ ಇರಲಿಲ್ಲ.

ಹೊರಗೆ ಪೈಲಟ್‌ಗಳು ಲೋಟ ಹಿಡಿದು, ಬೆರಳದ್ದಿ, ಮೂಸಿ ನೋಡುತ್ತಿದ್ದರು. ಅವತ್ತಿನಿಂದ ನಮ್ಮ ಮೈದಾನದಲ್ಲಿ ಬಣ್ಣವನ್ನು ಯಾರೂ ನಂಬಲಿಲ್ಲ. ರೂಬೆನ್ ಮಾತ್ರ ಶೆಡ್ಡಿನ ಬಾಗಿಲು ಹಾಕಿಕೊಂಡು ಒಳಗೇ ಕೂತಿದ್ದ. ನಾನು ತಿಂಡಿಗೆ ಕರೆದರೂ ಬರಲಿಲ್ಲ. ನಿರ್ದೋಷಿ ಎಂದು ಗೊತ್ತಾದ ಮಾತ್ರಕ್ಕೆ ಆ ಎರಡು ಖಾಲಿ ಕುರ್ಚಿ ಮರೆತುಹೋಗುತ್ತವೆಯೆ?

ಆಗ ಮಾಕ್ಸೀನ್ ತನ್ನ ವಿಮಾನದ ರೆಕ್ಕೆಗೆ ಭುಜ ಕೊಟ್ಟು, ಹುಲ್ಲಿನ ಮೇಲೆ ತಳ್ಳಿಕೊಂಡು ಬಂದು ಶೆಡ್ಡಿನ ಬಾಗಿಲಿಗೆ ನಿಲ್ಲಿಸಿದಳು. ಬಾಗಿಲು ತಟ್ಟಿದಳು.

"ರೂಬೆನ್, ಎಡಗಡೆ ಬ್ರೇಕ್ ಯಾಕೋ ಸರಿ ಹಿಡೀತಿಲ್ಲ ಕಣೋ. ಒಂಚೂರು ನೋಡ್ತೀಯಾ?"

ಬಾಗಿಲು ತೆರೆಯಲಿಲ್ಲ. ಅವಳು ಅಲ್ಲೇ ನಿಂತಳು. ಅವಳ ಹಿಂದೆ ಇನ್ನೊಬ್ಬ ತನ್ನ ವಿಮಾನ ತಳ್ಳಿಕೊಂಡು ಬಂದ, ಅವನ ಹಿಂದೆ ಮತ್ತೊಬ್ಬ. ನೋಡನೋಡುತ್ತಿದ್ದಂತೆ ಸಾಲು ಮೈದಾನದ ಅರ್ಧದವರೆಗೂ ಬೆಳೆಯಿತು.

"ಇವರೆಲ್ಲರ ವಿಮಾನವೂ ಕೆಟ್ಟಿದೆಯಾ?" ಎಂದು ಕೇಳಿದೆ.

"ಒಂದೂ ಕೆಟ್ಟಿಲ್ಲ," ಎಂದಳು ಹಿಲ್ಡಾ. "ಮಾಕ್ಸೀನ್ ಬ್ರೇಕು ಬೆಳಿಗ್ಗೆ ತಾನೇ ನೋಡಿದೆ, ಕಲ್ಲಿನ ಹಾಗಿದೆ."

ಬಾಗಿಲು ತೆರೆಯಿತು. ರೂಬೆನ್ ಸಾಲಿನ ಉದ್ದಕ್ಕೂ ಒಮ್ಮೆ ನೋಡಿದ. ಆಮೇಲೆ ಸ್ಪ್ಯಾನರ್ ತಂದು, ಮಾಕ್ಸೀನಳ ಎಡಚಕ್ರದ ಪಕ್ಕದಲ್ಲಿ ಮಂಡಿಯೂರಿ ಕೂತು, ಚೆನ್ನಾಗಿದ್ದ ಬ್ರೇಕನ್ನು ಬಿಚ್ಚತೊಡಗಿದ.