ಸುಲಭದ್ದನ್ನೇ ಆರಿಸಿ ಅಂದವನು

“ಈ ಸರಳವಾಗಿರೋದನ್ನೇ ಆರಿಸ್ಕೊಳ್ಳಿ. ಆಮೇಲೆ ನನ್ನ ಅಗತ್ಯಾನೇ ಬೀಳಲ್ಲ.”

ಅವನು ಎಷ್ಟು ಹಗುರವಾಗಿ ಹೇಳಿದನೋ, ಗಡಿಬಿಡಿಯ ಎದೆಯಲ್ಲಿ ಅದು ಅಷ್ಟೇ ಆಳಕ್ಕೆ ನಾಟಿತು.

ಗಡಿಬಿಡಿ ಎಂಬುದು ನರ್ಸಿಂಗ್ ಶಾಲೆಯ ಹುಡುಗಿಯರು ತಮ್ಮ ಟೀಚರಿಗೆ ಇಟ್ಟ ಹೆಸರು. ಪಾಠ ಹೇಳುವಾಗಲೂ ನಿಂತಲ್ಲಿ ನಿಲ್ಲುವವಳಲ್ಲ. ಪಾಠಗಳನ್ನು ಆನ್‌ಲೈನ್ ಮಾಡಲು ಪ್ರಿನ್ಸಿಪಾಲರು ವೆಬ್‌ಸೈಟ್ ಕಟ್ಟುವ ಇವನನ್ನು ಕರೆಸಿ, ಪಾಠಗಳನ್ನು ಇಡುವ ತಂತ್ರಾಂಶದ ಪ್ಲಾಟ್‌ಫಾರ್ಮ್ ಆರಿಸುವ ಹೊಣೆಯನ್ನು ಅವಳ ತಲೆಗೆ ಕಟ್ಟಿದ್ದರು. ಕೊನೆಗೆ ಉಳಿದದ್ದು ಎರಡು. ಎರಡೂ ಓಪನ್ ಸೋರ್ಸ್. ಯಾರು ಬೇಕಾದರೂ ಬಳಸಬಹುದು, ತಮಗೆ ಬೇಕಾದಂತೆ ತಿದ್ದಿಕೊಳ್ಳಬಹುದು. ದೊಡ್ಡದರಲ್ಲಿ ಪರೀಕ್ಷೆ, ಅಂಕ, ಚರ್ಚೆ ಎಲ್ಲವೂ ಇತ್ತು. ಆದರೆ ಅದನ್ನು ಪಳಗಿಸಲು ಅವನು ವರ್ಷವಿಡೀ ಬರುತ್ತಿರಬೇಕಿತ್ತು. ಸಣ್ಣದರಲ್ಲಿ ಟೀಚರೇ ಪಾಠ ಏರಿಸಬಹುದು. ಹಳೆಯ ಫೋನಿನಲ್ಲೂ ಅದು ತೆರೆದುಕೊಳ್ಳುತ್ತದೆ.

ಎರಡನ್ನೂ ಪರೀಕ್ಷಿಸುತ್ತ ಇಬ್ಬರೂ ದಿನವೂ ಕಂಪ್ಯೂಟರ್ ಕೋಣೆಯಲ್ಲಿ ಒಂದೇ ಪರದೆಯ ಮುಂದೆ ಕೂರುತ್ತಿದ್ದರು. ಅವಳು ಪೆನ್ನಿನ ಮುಚ್ಚಳ ಕಚ್ಚುತ್ತ ಓದುವಾಗ ಅವನ ಕಣ್ಣು ಪರದೆಯ ಮೇಲಿರುತ್ತಿರಲಿಲ್ಲ. ಅವಳು ತಿರುಗಿದರೆ ಸಾಕು, ಒತ್ತಲು ಏನೂ ಇಲ್ಲದ ಕಡೆ ಮೌಸ್ ಒತ್ತುತ್ತಿದ್ದ. ಅಂಥವನಿಗೆ ಈಗ ಹೋಗುವ ಆತುರವೇ?

ಮನೆಯಲ್ಲಿ ಅವಳು ಒಲೆಯ ಮುಂದೆ ನಿಂತಳು, ಕಿಟಕಿಗೆ ಹೋದಳು, ಮತ್ತೆ ಬಂದಳು. ಬಟ್ಟೆ ಮಡಚುತ್ತಿದ್ದ ಅಕ್ಕ ಎಲ್ಲ ಕೇಳಿಸಿಕೊಂಡು, “ವಾರಕ್ಕೊಂದ್ಸಲ ಬಂದ್ರೆ ಸಾಕಾಗಿದ್ದೋನು ದಿನಾ ಯಾಕೆ ಬಂದ ಅಂತ ಯೋಚ್ನೆ ಮಾಡಿದ್ಯಾ?” ಎಂದಳಷ್ಟೆ.

ಮರುದಿನ ದೊಡ್ಡದೇ ಇರಲಿ ಎಂದು ಹೇಳಲು ಅವಳು ಪ್ರಿನ್ಸಿಪಾಲರ ಬಾಗಿಲ ತನಕ ನಡೆದಳು. ಆಗ ಆಸ್ಪತ್ರೆಯ ವಾರ್ಡಿನಲ್ಲಿ ಕೆಲಸ ಮಾಡುತ್ತಲೇ ಓದುವ ಒಬ್ಬ ಹುಡುಗಿ ಕಣ್ಮುಂದೆ ಬಂದಳು. ಪ್ರಯೋಗಕ್ಕೆಂದು ಕೊಟ್ಟ ದೊಡ್ಡದರ ಪಾಠ ತೆರೆಯಲೆಂದು ಹಳೆಯ ಫೋನನ್ನು ಸಿಗ್ನಲ್‌ಗಾಗಿ ಕಿಟಕಿಗೆ ಹಿಡಿದು ನಿಂತೇ ಅವಳ ಊಟದ ಬಿಡುವು ಮುಗಿದುಹೋಗಿತ್ತು. ಗಡಿಬಿಡಿ ಒಳಗೆ ಹೋಗಿ, ಸಣ್ಣದೇ ಸಾಕು ಎಂದು ಹೇಳಿ ಬಂದಳು.

ಅವನಿಗೆ ತಿಳಿಸಿದಾಗ ಅವನು ಕೇಬಲ್ ಸುತ್ತುತ್ತಿದ್ದ. ಒಳ್ಳೆಯದಾಯಿತು ಎಂದ, ಮುಖದಲ್ಲಿ ಮಾತ್ರ ಕಳೆಯಿರಲಿಲ್ಲ. ಸುತ್ತಿದ್ದನ್ನು ಬಿಚ್ಚಿ ಮತ್ತೆ ಸುತ್ತತೊಡಗಿದ.

“ನಿಮಗೂ ಅದೇ ಬೇಕಿತ್ತಲ್ಲ,” ಎಂದಳು ಅವಳು. “ನಮ್ಮಿಂದ ಬಿಡುಗಡೆ.”

ಅವನ ಕೈ ನಿಂತಿತು. “ದೊಡ್ಡದು ತಗೊಳ್ಳಿ ಅನ್ನೋ ಮಾತು ನಾಲಿಗೆ ತುದೀಲಿತ್ತು. ದಿನಾ ಬರೋಕೆ ಒಂದು ನೆವ ಸಿಗ್ತಿತ್ತು. ಆದ್ರೆ ನಿಮ್ಮನ್ನ ನೋಡೋ ಆಸೆಗೆ ನಿಮ್ಮ ಹುಡುಗಿಯರು ಯಾಕೆ ಪಾಡು ಪಡ್ಬೇಕು?”

ಗಡಿಬಿಡಿಗೆ ಮೊದಲು ನಗು ಬಂತು, ಹಿಂದೆಯೇ ಕಣ್ಣು ತುಂಬಿತು. ತಾನೂ ಪ್ರಿನ್ಸಿಪಾಲರ ಬಾಗಿಲ ತನಕ ಅದೇ ಆಸೆಯಲ್ಲಿ ಹೋಗಿದ್ದೆ ಎಂದು ಒಪ್ಪಿಕೊಂಡಳು. ಅವನು ಅವಳನ್ನೇ ನೋಡಿದ; ಈ ಸಲ ಸಿಕ್ಕಿಬಿದ್ದರೂ ಕಣ್ಣು ತಪ್ಪಿಸಲಿಲ್ಲ.

“ಈಗ ನೆವಾನೂ ಇಲ್ಲವಲ್ಲ,” ಎಂದ.

“ನೆವ ಯಾಕೆ? ಮನೆಗೇ ಬನ್ನಿ. ನಮ್ಮಕ್ಕನ ಹತ್ರ ಮಾತಾಡಿ.”

“ಏನಂತ?”

“ನನ್ನ ಬಗ್ಗೆ.”

ಕೇಬಲ್ ಅವನ ಕೈಯಿಂದ ಜಾರಿತು. ಅದನ್ನು ಎತ್ತಿಕೊಳ್ಳದೆ, ನಾಳೆ ಸಂಜೆ ಬರಲೇ ಎಂದು ಕೇಳಿದ.

ಅವಳು ಆಗಲೇ ಬ್ಯಾಗು ಹೆಗಲಿಗೇರಿಸಿ ಬಾಗಿಲಲ್ಲಿ ನಿಂತಿದ್ದಳು. “ನಾಳೆ ತನಕ ಕಾಯೋದು ನನ್ನಿಂದಾಗಲ್ಲ. ಈಗ್ಲೇ ನಡೀರಿ.”