ಎಣ್ಣೆ ಹಚ್ಚಿದ ತಲೆ

ಗೌನಿಪಲ್ಲಿಯಿಂದ ಕೋಲಾರಕ್ಕೆ ಹೆಂಗಸರಿಗೆ ಬಸ್ಸು ಫ್ರೀ. ಮುನಿರಾಮಪ್ಪನ ಟಿಕೆಟ್ಟು, ಇಬ್ಬರ ಇಡ್ಲಿ, ಆಮೇಲೆ ತಲೆಗೆ ವೈರು ಅಂಟಿಸಿ ಮಿದುಳಿನ ಅಲೆ ನೋಡುವ ಇಇಜಿ ಪರೀಕ್ಷೆಗೆ ನಾಲ್ಕು ಕ್ರೇಟ್ ಟೊಮೆಟೊ ಮಾರಿದ ದುಡ್ಡು. ಅಷ್ಟೂ ಒಂದು ಅಂಗೈ ಹರಳೆಣ್ಣೆಯಿಂದ ದಂಡವಾಗುವುದರಲ್ಲಿತ್ತು.

“ಏನಜ್ಜಿ, ಅಜ್ಜನ ತಲೆಗೆ ಎಣ್ಣೆ ಹಾಕ್ಬೇಡಿ ಅಂದಿದ್ವಲ್ಲ! ವೈರು ಅಂಟೋದೇ ಇಲ್ಲ,” ಅಂದಳು ಪರೀಕ್ಷೆ ಮಾಡುವ ರಜನಿ.

“ಗೊತ್ತಿತ್ತಮ್ಮ, ಕೈ ಕೇಳ್ಲಿಲ್ಲ. ಒಣತಲೇಲಿ ಗಂಡನ್ನ ಹೆಂಗೆ ಊರು ದಾಟಿಸೋದು?” ಅಂದಳು ಆಂಜಿನಮ್ಮ.

“ಹಿಂದೆ ನಲ್ಲಿ ಇದೆ. ಈ ಶಾಂಪೂ ಹಾಕಿ ಬೇಗ ತೊಳ್ಕೊಂಡು ಬನ್ನಿ.”

ಯುಗಾದಿಯಿಂದೀಚೆಗೆ ಅವನು ಅವಳನ್ನು ಗುರುತು ಹಿಡಿದರೆ ಹಿಡಿದ, ಇಲ್ಲದಿದ್ದರೆ ಇಲ್ಲ. ಬೆಳಿಗ್ಗೆ ಬಸ್ಸಲ್ಲಿ, “ಅಮ್ಮಾ, ನಿಮ್ಮದು ಯಾವೂರು?” ಅಂದಿದ್ದ. ಪಕ್ಕದ ಸೀಟಿನವರು ನಕ್ಕರು. ಅವಳೂ ನಕ್ಕಳು, ಕಿಟಕಿ ಕಡೆ ತಿರುಗಿಕೊಂಡು. ಇದು ವಯಸ್ಸಿನ ಮರೆವೋ ಕಾಯಿಲೆಯೋ ಗೊತ್ತಾಗಬೇಕಿತ್ತು. ಅದಕ್ಕಿಂತ ಹೆಚ್ಚಾಗಿ, ಅವನ ಬಾಯಲ್ಲಿ ಇನ್ನೊಂದು ಸಲ ತನ್ನ ಹೆಸರು ಕೇಳಬೇಕಿತ್ತು.

“ತಲೆ ಬಗ್ಗಿಸು ಬಾವ,” ಅಂತ ಗಂಡನನ್ನು ಯಾವತ್ತೂ ಕರೆಯುವ ಹಾಗೇ ಕರೆದು, ಶಾಂಪೂ ಹಚ್ಚಿ ನೀರು ಸುರಿದಳು. ಕಿವಿಯ ಹಿಂದೆ ಬೆರಳು ಆಡಿಸುತ್ತಿದ್ದ ಹಾಗೆ ಅವನು ಅವಳ ಮಣಿಕಟ್ಟು ಹಿಡಿದುಕೊಂಡ.

“ಲೇ, ಮೆಲ್ಲಗೆ ಕಣೇ! ಮದುವೆ ನಲುಗಲ್ಲಿ ಎಣ್ಣೆ-ಅರಿಶಿನ ಹಚ್ಚೋವಾಗ್ಲೂ ಹಿಂಗೇ ಕಣ್ಣಿಗೆ ಎಣ್ಣೆ ಬಿಟ್ಟಿದ್ದೆ. ಬೇಕಂತಲೇ!”

ಅವಳ ಕೈಯಿಂದ ಮಗ್ಗು ಜಾರಿತು.

“ಬೇಕಂತಲೇ ಬಾವ. ಅವತ್ತು ನೀನು ನನ್ನ ಕಡೆ ತಿರುಗೀನೂ ನೋಡ್ಲಿಲ್ಲ.”

“ನೋಡ್ದೆ. ಅಡ್ಡಗಣ್ಣಲ್ಲಿ. ನಮ್ಮಪ್ಪ ಪಕ್ಕದಲ್ಲೇ ಕೂತಿದ್ದ. ನಿನ್ನ ಜಡೇಲಿ ಕನಕಾಂಬರ ಇತ್ತು, ಒಂದು ಕಡೆ ಬಾಡಿತ್ತು.”

ಬಾಡಿದ್ದು ನಿಜ. ಅವಳಿಗೇ ಮರೆತಿತ್ತು.

“ಹಂಗಾದ್ರೆ ನನ್ನ ಹೆಸರೇನು, ಹೇಳು.”

ಅವನು ಯೋಚಿಸಿದ. ಗಲ್ಲದಿಂದ ನೀರು ತೊಟ್ಟಿಕ್ಕುತ್ತಿತ್ತು.

“ಹೆಸರು… ಇರ್ಲಿ ಬಿಡೇ. ನೀನೇ ತಾನೇ?”

ಸೆರಗಿನಿಂದ ಅವನ ತಲೆ ಒರೆಸುವ ನೆಪದಲ್ಲಿ ಅವಳು ತನ್ನ ಕಣ್ಣೂ ಒರೆಸಿಕೊಂಡಳು.

ಒಳಗೆ ವೈರುಗಳು ಅಂಟಿದವು. ಕಣ್ಣು ಮುಚ್ಚಿ ಮಲಗಿದ್ದ ಅವನ ತಲೆಯೊಳಗಿನ ಅಲೆಗಳು ಪರದೆಯ ಮೇಲೆ ಗೆರೆಗಳಾಗಿ ಓಡಿದವು.

“ಅದರಲ್ಲಿ ನಾನೆಲ್ಲಾದ್ರೂ ಕಾಣ್ತೀನಾ ಮಗಳೇ?”

“ಇಲ್ಲಜ್ಜಿ,” ರಜನಿ ನಕ್ಕಳು. “ಅಲೆ ನಿಧಾನಾನೋ ಜೋರೋ, ಅಷ್ಟೇ ಕಾಣೋದು.”

ನಿಧಾನವಾಗಿತ್ತು. ಮೊದಲೇ ಆಗಿದ್ದ ಸ್ಕ್ಯಾನು, ನೆನಪಿನ ಪರೀಕ್ಷೆ ಎಲ್ಲ ಜೊತೆಗಿಟ್ಟು ನೋಡಿದ ಡಾಕ್ಟರು ಮರೆವಿನ ಕಾಯಿಲೆಯೇ ಅಂದರು. ಮಾತ್ರೆಯಿಂದ ಸ್ವಲ್ಪ ಅನುಕೂಲ ಆಗಬಹುದು, ಹೋದದ್ದು ತಿರುಗಿ ಬರೋದಿಲ್ಲ ಅಂದರು.

ವಾಪಸ್ ಬರುವಾಗ ಶ್ರೀನಿವಾಸಪುರ ದಾಟುತ್ತಿದ್ದಂತೆ ಅವನು ಮತ್ತೆ ಕೇಳಿದ, “ಅಮ್ಮಾ, ನಿಮ್ಮದು ಯಾವೂರು?”

“ನಿಮ್ಮೂರೇ,” ಅಂದು ಅವನ ಒಣಗಿದ ಕೂದಲು ನೇವರಿಸಿದಳು.

ಅವನ ಬಾಯಿಂದ ಅವಳ ಹೆಸರು ಹೋಗಿತ್ತು. ನಲುಗಿನ ದಿನ ಅವನು ಅಡ್ಡಗಣ್ಣಲ್ಲಿ ನೋಡಿದ್ದ ಅನ್ನುವುದು ಮಾತ್ರ ಅವಳಿಗೆ ಇಷ್ಟು ವರ್ಷದ ಮೇಲೆ ಸಿಕ್ಕಿತ್ತು.