ಅಕ್ಕನನ್ನು ಹುಡುಕಲು ಹೋದವನು

"ಅವಳ ಕೈ ಬಿಡ್ರೀ! ಮೊದ್ಲು ಕೈ ಬಿಡಿ!"

ಗೌರಿಬಿದನೂರು ಸ್ಟೇಷನ್ನಿಗೆ ಗುಂತಕಲ್ ಕಡೆಯ ರೈಲು ಆಗತಾನೆ ಬಂದಿತ್ತು. ಮಹಿಳಾ ಸಮಾಜದ ಶ್ಯಾಮಲ ಓಡಿಬಂದು ರೈಲಿನಿಂದ ಇಳಿದ ಗಂಡಸೊಬ್ಬನ ಅಂಗಿ ಹಿಡಿದಿದ್ದಳು. ಅವನ ಪಕ್ಕದಲ್ಲಿ ಸೆರಗಿನಿಂದ ಮುಖ ಮುಚ್ಚಿಕೊಂಡ ಹುಡುಗಿ, "ನಾನು ಬರಲ್ಲ... ಬಿಟ್ಬಿಡು..." ಎಂದು ಬಿಕ್ಕುತ್ತಿದ್ದಳು.

"ಹೆಣ್ಮಕ್ಕಳನ್ನ ಮಾರೋ ಕಳ್ಳ!" ಎಂದು ಯಾರೋ ಕೂಗಿದ್ದೇ ತಡ, ಜನ ಮುಗಿಬಿದ್ದರು. ಅವನ ತುಟಿ ಒಡೆಯಿತು. ಆದರೂ ಒಂದು ಮಾತೂ ಆಡಲಿಲ್ಲ!

ಯಾಕೆ ಸುಮ್ಮನಿದ್ದಾನೆ...? ಶ್ಯಾಮಲಳಿಗೆ ದಿಗಿಲಾಯಿತು. ಹುಡುಗಿಯನ್ನು ಹೆಂಗಸರ ವೇಟಿಂಗ್ ರೂಮಿಗೆ ಕರೆದೊಯ್ದು ಬಾಗಿಲು ಹಾಕಿದಳು.

"ಹೊಡೀಬೇಡಿ ಅನ್ನಿ ಅಕ್ಕಾ... ಅವ್ನು ನಮ್ಮಣ್ಣ! ಬೊಂಬಾಯಿಗೆ ಬಂದು, ನನ್ನ ಮಾರಿದ್ದ ಆ ಮನೆಯಿಂದ ಬಿಡಿಸ್ಕೊಂಡು ಬಂದವ್ನೆ. ಊರಿಗೆ ಹೋಗೋಕೆ ನನಗೇ ಭಯ..."

ಶ್ಯಾಮಲ ಹೊರಗೋಡಿದಳು. "ನಮ್ಮ ಸಮಾಜಕ್ಕೆ ಬರೋ ಹುಡುಗೀನೇ ಕಣ್ರಪ್ಪ, ಇವ್ನು ಅವಳ ಅಣ್ಣ, ನಾನೇ ತಪ್ಪು ತಿಳ್ಕೊಂಡೆ!" ಎಂದು ಸುಳ್ಳು ಹೇಳಿ ಜನರನ್ನು ಚದುರಿಸಿದಳು. ಅವನಿಗೆ ನೀರು ತಂದುಕೊಟ್ಟಳು.

"ತಂಗಿ ಅಂತ ಹೇಳ್ಬಾರ್ದಿತ್ತೇನ್ರೀ?"

"ಆಮೇಲೆ ಎಲ್ಲಿಂದ ಕರ್ಕೊಂಡು ಬಂದೆ ಅಂತಾರಲ್ಲಮ್ಮ... ನನ್ನ ಗಾಯ ಮಾಯುತ್ತೆ. ಅವಳ ಹೆಸರು ಕೆಟ್ರೆ?"

ಅವನು ಚಲಪತಿ. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಸುತ್ತಿದ್ದ. ತಂಗಿ ಅಮ್ಮಾಜಿ ಸಮಾಜದಲ್ಲೇ ಉಳಿದು ಹೊಲಿಗೆ ಕಲಿಯತೊಡಗಿದಳು.

ಶ್ಯಾಮಲಳ ಅಕ್ಕ ಮುನಿಗಂಗಳೂ ಇದೇ ಸ್ಟೇಷನ್ನಿನಿಂದ ಹೋದವಳು. ವರದಕ್ಷಿಣೆ ಬೇಡವೆಂದ ಬೊಂಬಾಯಿಯ ವರನ ಜೊತೆಗೆ! ಅವಳ ಮುಡಿಗೆ ಹೂ ಮುಡಿಸಿ ಕಳಿಸಿದ್ದು ಶ್ಯಾಮಲಳೇ. ಮತ್ತೆ ಸುದ್ದಿಯೇ ಇಲ್ಲ. ಕಣ್ಣು ಮುಚ್ಚಿದರೆ ಸಾಕು, ರೈಲಿನ ಕಿಟಕಿಯಲ್ಲಿ ಅಕ್ಕನ ಮುಖ. ಮೊದಲು ನಗುತ್ತಾಳೆ... ಆಮೇಲೆ ನಗುವುದಿಲ್ಲ.

ಅದಕ್ಕೇ ಸಮಾಜದವರೊಂದಿಗೆ ಹಳ್ಳಿ ಹಳ್ಳಿ ತಿರುಗಿ, ಗುರುತಿಲ್ಲದವರ ಜೊತೆ ಹೆಣ್ಣುಮಕ್ಕಳನ್ನು ಕಳಿಸಬೇಡಿ ಎಂದು ಬೇಡಿಕೊಳ್ಳುತ್ತಿದ್ದಳು. ಚಲಪತಿಯೂ ಜೊತೆಗೂಡಿದ. ಒಮ್ಮೆ, ಮಗಳನ್ನು ಬೊಂಬಾಯಿಗೆ ಕಳಿಸಲು ಹೊರಟಿದ್ದ ತಂದೆಯೊಬ್ಬ, "ನಿಮಗೆ ಮನೆ ಕೆಲ್ಸ ಇಲ್ವಾ?" ಎಂದು ಧಡಾರನೆ ಬಾಗಿಲು ಹಾಕಿಕೊಂಡ. ಚಲಪತಿ ಅವನ ಜಗಲಿಯಲ್ಲೇ ಕೂತ. ಸಂಜೆಗೆ ಬಾಗಿಲು ತೆರೆಯಿತು. ಆ ಮನೆಯ ಹುಡುಗಿ ಬೊಂಬಾಯಿಗೆ ಹೋಗಲಿಲ್ಲ!

ಹಿಂತಿರುಗುವಾಗ ಅವನು ಮೆಲ್ಲಗೆ ಕೇಳಿದ, "ನನ್ನ ಮದ್ವೆ ಆಗ್ತೀರಾ?"

ಎದೆ ಹೌದೆಂದಿತು. ಬಾಯಿ ಮಾತ್ರ ಬೇರೆಯದೇ ಹೇಳಿತು.

"ನಮ್ಮಕ್ಕ ಎಲ್ಲಿದಾಳೋ ಗೊತ್ತಿಲ್ದೆ ನಾನು ಹೆಂಗೆ ಅರಿಶಿನ ಹಚ್ಕೊಳ್ಳಲಿ?"

ಮರುದಿನದಿಂದ ಚಲಪತಿ ಕಾಣಲಿಲ್ಲ. ವಾರಗಳು ಉರುಳಿದವು. ಅಮ್ಮಾಜಿಯನ್ನು ಕೇಳಿದರೆ ತಲೆ ತಗ್ಗಿಸುತ್ತಿದ್ದಳು. 'ಸಿಟ್ಟಾಗಿ ದೂರಾದರು... ನಾನೇ ಕಳೆದುಕೊಂಡೆ' ಎಂದು ಶ್ಯಾಮಲ ಒಳಗೇ ಬೆಂದಳು.

ಒಂದು ಮಧ್ಯಾಹ್ನ ಅವನು ಸಮಾಜದ ಬಾಗಿಲಲ್ಲಿ ನಿಂತಿದ್ದ. ಗಡ್ಡ ಬೆಳೆದಿತ್ತು, ಕಣ್ಣು ಗುಳಿಬಿದ್ದಿದ್ದವು.

"ಬೊಂಬಾಯಿಗೆ ಹೋಗಿದ್ದೆ. ನಿಮ್ಮಕ್ಕನ್ನ ಬೀದಿ ಬೀದೀಲಿ ಕೇಳ್ದೆ... ಸಿಗಲಿಲ್ಲ ಶ್ಯಾಮಲಾ. ನಿಮಗೆ ಹೇಳಿ ಹೋಗಿದ್ರೆ ಸುಮ್ನೆ ಆಸೆ ಪಡ್ತಿದ್ರಿ..."

ಅವಳು ಗೋಡೆಗೊರಗಿ ಅತ್ತಳು. ಅಕ್ಕ ಹೋದಮೇಲೆ ಅವಳನ್ನು ಹುಡುಕಿ ಹೊರಟವರು ಇವರೊಬ್ಬರೇ!

"ಇನ್ನೊಂದ್ಸಲ ಹೋಗ್ತೀನಿ," ಎಂದ ಚಲಪತಿ.

"ನಾನೂ ಬರ್ತೀನಿ."

"ಜೊತೇಲಿರೋರು ಯಾರು ಅಂತ ಜನ ಕೇಳಿದ್ರೆ...?"

ಶ್ಯಾಮಲ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ನನ್ನ ಹೆಂಡ್ತಿ ಅನ್ನಿ..."